ಮಾಡದಕೆರೆ ಮಲ್ಲಪ್ಪನವರು ಎಲ್ಲಿದ್ದರೂ ಬರಬೇಕು

ನನ್ನ ಸೋದರಮಾವ ಜೀವಮಾನದಲ್ಲಿ ಒಂದು ಸಲವೂ ಸುಳ್ಳು ಹೇಳಿದವರಲ್ಲ. ಹಾಗೆಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದನ್ನು ಕೇಳಿದವರೂ ಇಲ್ಲ! ಅವರ ಬಾಯಿಂದ ಬರುವುದೆಲ್ಲ ಪ್ರಕಟಣೆ. "ಊಟಕ್ಕೆ ಏಳ್ರಿ" ಎನ್ನಬೇಕಾದ ಕಡೆ ಗಂಟಲು ಸರಿಮಾಡಿಕೊಂಡು "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡುತ್ತಾರೆ. ತಪ್ಪು ಅವರದಲ್ಲ ಬಿಡಿ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿ ಕೂಗಿಯೇ ರಿಟೈರ್ ಆದವರು. ಕೈಯಿಂದ ಮೈಕು ಹೋಯಿತು, ಗಂಟಲಿನಿಂದ ಹೋಗಲಿಲ್ಲ.

ಬಸ್ಸು ಕೂಗುವುದು ಅವರ ಲೆಕ್ಕದಲ್ಲಿ ಸಣ್ಣ ಕೆಲಸ. ದೊಡ್ಡ ಕೆಲಸವೆಂದರೆ ಸಾವಿರ ಜನರ ಕಿವಿಗೆ ಬೀಳುವ ಮೈಕಿನಲ್ಲಿ ಸಿಬ್ಬಂದಿಗೆ ಮಾತ್ರ ಅರ್ಥವಾಗುವಂತೆ ಹೇಳುವುದು. "ಜೇಬುಗಳ್ಳ ಬಂದವ್ನೆ" ಎಂದು ಕೂಗಿದರೆ ಏನಾಗುತ್ತದೆ ಹೇಳಿ? ಎಲ್ಲರೂ ದುಡ್ಡಿಟ್ಟ ಜೇಬನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ, ಕಳ್ಳನಿಗೆ ಹುಡುಕುವ ಕಷ್ಟವೂ ತಪ್ಪುತ್ತದೆ! ಅದಕ್ಕೇ ಮಾವ "ಶ್ರೀರಾಂಪುರದ ಬಸವರಾಜಪ್ಪನವರು ಎಲ್ಲಿದ್ದರೂ ವಿಚಾರಣೆ ಕೊಠಡಿಗೆ ಬರಬೇಕು" ಎನ್ನುತ್ತಿದ್ದರು. ಅಂಥ ಬಸವರಾಜಪ್ಪ ಯಾರೂ ಇರಲಿಲ್ಲ. ಆ ಹೆಸರು ಕೇಳಿದರೆ ಕಂಡಕ್ಟರುಗಳೂ ಕಾವಲಿನವರೂ ಕಣ್ಣು ಚುರುಕು ಮಾಡಬೇಕು, ಅಷ್ಟೇ.

ಇದೆಲ್ಲ ನನಗೆ ಹೇಗೆ ಗೊತ್ತಾಗಬೇಕು? ಕಾಲೇಜು ಮುಗಿಸಿಕೊಂಡು ಹೊಸದುರ್ಗದ ಬಸ್ಸಿಗೆ ಕಾಯುತ್ತಾ, ಇಷ್ಟು ಕರೆದರೂ ಬಾರದ ಆ ಬಸವರಾಜಪ್ಪನ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು. ಒಂದು ಮಧ್ಯಾಹ್ನ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಕಂಬಳಿ ಹೊದ್ದ ಅಜ್ಜನೊಬ್ಬ ಕೂತಿದ್ದ. ಮೈಕು ಕೂಗಿತು. ನಾನು ಸುಮ್ಮನೆ ಇರಬೇಕಾ ಬೇಡವಾ?

"ಯಾವೂರು ಅಜ್ಜ?"

"ಶ್ರೀರಾಂಪುರ ಕಣವ್ವ."

"ಹೆಸರು?"

"ಬಸವರಾಜಪ್ಪ."

ನನ್ನ ಸಂಭ್ರಮ ಕೇಳಬೇಡಿ! ಅಜ್ಜನ ಕೈ ಹಿಡಿದು ಜನರನ್ನು ಸರಿಸಿಕೊಂಡು, "ಮಾವ, ಸಿಕ್ಕಿದ್ರು!" ಎಂದು ಕೂಗುತ್ತಾ ಕೊಠಡಿಗೆ ನುಗ್ಗಿದೆ. ಅಷ್ಟರಲ್ಲಿ ಕಾವಲಿನವರಿಬ್ಬರು ಬಂದು ಅಜ್ಜನ ಕಂಬಳಿ ಕೊಡವತೊಡಗಿದ್ದರು. ಮಾವ ತಲೆ ಚಚ್ಚಿಕೊಂಡರು. ಅಜ್ಜನಿಗೆ ಟೀ ಕುಡಿಸಿ, ಬನ್ನು ತಿನ್ನಿಸಿ, ಶ್ರೀರಾಂಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಬಂದರು. "ಲೇ, ನಿನ್ನಂಥೋಳು ಒಬ್ಳಿದ್ರೆ ಸಾಕು, ಕಳ್ರಿಗೆ ಬ್ಯಾರೆ ಜೊತೆಗಾರ ಬ್ಯಾಡ" ಎಂದು ನನಗೆ ಮಂಗಳಾರತಿಯಾಯಿತು. ಅಜ್ಜ ಮಾತ್ರ ಕಿಟಕಿಯಿಂದ ಕೈಯಾಡಿಸಿ, "ಇನ್ನೊಂದ್ಸಲ ಕೂಗಪ್ಪ, ಬತ್ತೀನಿ" ಎಂದ.

ಈ ಸಂಕೇತದ ಚಟ ಮನೆಗೂ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಹೆಸರುಗಳೆಲ್ಲ ಅತ್ತೆಗೂ ಬಾಯಿಪಾಠ. ನೆಂಟರು ಬಂದರೆ ಮಾವ ಹಜಾರದಿಂದಲೇ "ಹೊಳಲ್ಕೆರೆ ಗಾಡಿ ಬಂದೈತೆ" ಎನ್ನುತ್ತಿದ್ದರು. ಅಂದರೆ ಕಾಫಿ ಸಾಕು. "ಹಿರಿಯೂರು ಗಾಡಿ ತಡ ಐತೆ" ಎಂದರೆ ಇವರು ಏಳುವವರಲ್ಲ, ಅಕ್ಕಿ ಹಾಕು! ಅಡುಗೆಮನೆಯಿಂದ ಅತ್ತೆ "ಸೀಟು ಎಷ್ಟು?" ಎಂದು ಕೇಳುವುದು, ಮಾವ ಲೆಕ್ಕ ಹೇಳುವುದು. ಗಂಡಹೆಂಡಿರ ಈ ಏರ್ಪಾಡು ಬೇರೆ ಯಾರಿಗೂ ಗೊತ್ತಿರಲಿಲ್ಲ.

ನನ್ನನ್ನು ಕೊಟ್ಟದ್ದು ಎಲ್ಲಿಗೆ? ಹಿರಿಯೂರಿಗೆ! ಮದುವೆಯಾದ ಹೊಸತರಲ್ಲಿ ನಾನೂ ನನ್ನ ಗಂಡನೂ ಮಾವನ ಮನೆಗೆ ಹೋದೆವು. ಇನ್ನೇನು ಹೊರಡಬೇಕು, ಮಾವ "ಹಿರಿಯೂರು ಗಾಡಿ ತಡ ಐತೆ" ಎಂದರು. ಜೀವನವೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕಳೆದವರ ಮಾತು, ಸುಳ್ಳಾದೀತೇ? ಕೂತೆವು. ಅನ್ನ ಸಾರು ಬಂತು, ಉಂಡೆವು. ಮತ್ತೆ ಅದೇ ಮಾತು. ಮತ್ತೆ ಕೂತೆವು. ಮಂಡಕ್ಕಿ ಒಗ್ಗರಣೆ ಬಂತು. ಅತ್ತೆ ರಾಗಿ ಹಿಟ್ಟಿನ ಡಬ್ಬಿ ತೆಗೆಯುವಾಗ ನನ್ನ ಗಂಡ ಪಿಸುಗುಟ್ಟಿದರು, "ಇವತ್ತು ಬಸ್ಸೇ ಇಲ್ಲ ಅನ್ಸುತ್ತೆ ಕಣೇ." ಮುದ್ದೆ ಮುರಿಯುವಾಗ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಂಥ ಅತ್ತೆಗೆ ಈಚೆಗೆ ಮರೆವು. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತದೆ, ಬಂದ ದಾರಿ ಮರೆಯುತ್ತದೆ. ಹೋದ ಸಲ ನನ್ನ ಗಲ್ಲ ಹಿಡಿದು ಪ್ರೀತಿಯಿಂದ, "ಯಾರ ಮಗಳವ್ವ ನೀನು?" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಮಾವ ನನ್ನ ಕಡೆ ನೋಡದೆ, "ಹೊಳಲ್ಕೆರೆ ಗಾಡಿ ಬಂದೈತೆ" ಎಂದರು. ಅತ್ತೆ ಎದ್ದು ಹೋಗಿ ಕಾಫಿ ಇಟ್ಟರು. ಅದನ್ನು ನೋಡಿಯೂ ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ.

ಮೊನ್ನೆ ಹಾಲುರಾಮೇಶ್ವರದಲ್ಲಿ ನನ್ನ ಮೊಮ್ಮಗಳ ಜವಳ. ಕೂದಲು ತೆಗೆಸಿದ್ದಾಯಿತು, ಊಟದ ಪಂಕ್ತಿ ಕೂತಿತು. ಶಾಮಿಯಾನದವನು ತಂದ ಮೈಕು ಆಗಲೇ ಮಾವನ ಕೈ ಸೇರಿತ್ತು. "ಎರಡನೇ ಪಂಕ್ತಿಯವರು ದಯವಿಟ್ಟು ಸಿದ್ಧರಾಗಿರಬೇಕು" ಎಂದು ನಮ್ಮ ನೆಂಟರನ್ನೆಲ್ಲ ಬಸ್ಸಿಗೆ ಹತ್ತಿಸುವವರ ಹಾಗೆ ಕೂಗುತ್ತಿದ್ದರು. ನಡುವೆ ಇದ್ದಕ್ಕಿದ್ದಂತೆ, "ಮಾಡದಕೆರೆ ಮಲ್ಲಪ್ಪನವರು ಎಲ್ಲಿದ್ದರೂ ಮೈಕಿನ ಬಳಿ ಬರಬೇಕು!"

ಈ ಹೆಸರು ನನಗೆ ಹೊಸದು. ಆದರೆ ನಾನೇನು ಹಳೆಯ ದಡ್ಡಿಯೇ? ಮಾವನ ಮನೆಯ ಸಂಕೇತಗಳೆಲ್ಲ ಮುಟ್ಟುವುದು ಅಡುಗೆಮನೆಗೆ. ಪಾಯಸ ಮುಗಿಯುತ್ತಿದೆ, ಇನ್ನೇನು! ಓಡಿಹೋಗಿ ಪಾಯಸದ ಕೊಳಗದ ಮುಂದೆ ನಿಂತೆ, ಬಡಿಸುವವರ ಕೈಯಿಂದ ಸೌಟು ಕಿತ್ತುಕೊಂಡೆ, "ಅರ್ಧರ್ಧ ಸೌಟು ಹಾಕ್ರಪ್ಪ" ಎಂದು ಬೀಗರ ಎದುರೇ ಹೇಳಿ ಮಾನ ಕಳೆದೆ. ಮಲ್ಲಪ್ಪನನ್ನು ಮತ್ತೆ ಕರೆದರು. ಈ ಸಲ ಮಾವನ ದನಿ ನಡುಗುತ್ತಿತ್ತು. ಸೌಟು ಹಿಡಿದುಕೊಂಡೇ ಅವರ ಬಳಿ ಹೋದೆ.

"ಮಾವ, ಹೆದರ್ಬ್ಯಾಡ್ರಿ. ಪಾಯಸ ಇನ್ನೂ ಐತೆ."

ಅವರು ಮೈಕನ್ನು ಅಂಗೈಯಿಂದ ಮುಚ್ಚಿದರು. "ಪಾಯಸ ಅಲ್ಲ ಕಣವ್ವ. ಯಾರಾನಾ ಕಳ್ದೋದ್ರೆ ಬಸ್ ಸ್ಟ್ಯಾಂಡಿನಾಗೆ ಮಲ್ಲಪ್ಪ ಅಂತಿದ್ವಿ, ಸಿಬ್ಬಂದಿ ಎಲ್ಲಾ ಗಾಡಿ ಒಳಗೂ ಹುಡುಕೋರು. ನಿಮ್ಮತ್ತೆ ಕಾಣ್ತಿಲ್ಲ."

ಆ ಕಡೆ ಕೊಳ, ಈ ಕಡೆ ರಸ್ತೆ. "ಹೆಸರು ಹಿಡ್ದು ಕೂಗ್ರಿ ಮಾವ! ಎಲ್ರೂ ಹುಡುಕ್ತಾರೆ!"

"ಅವಳ ಹೆಸರು ಕಳ್ದೋದೋರ ಸಾಲಿನಾಗೆ ಕೂಗಲಾ? ನಾಲ್ಕು ಜನದ ಮುಂದೆ ಎಷ್ಟು ನಾಚ್ಕಂತಾಳೆ ಅವಳು? ನನ್ ಕೈಲಾಗಲ್ಲ ಕಣವ್ವ."

"ಇಲ್ಲಿ ನಿಮ್ಮ ಸಿಬ್ಬಂದಿ ಯಾರವ್ರೆ ಮಾವ? ಮಲ್ಲಪ್ಪ ಅಂದ್ರೆ ಯಾರಿಗೆ ಗೊತ್ತಾಗಬೇಕು?"

ಮಾವ ಮೈಕಿನ ಮೇಲಿನ ಕೈ ತೆಗೆದು ಮತ್ತೆ ಅದನ್ನೇ ಕೂಗಿದರು. ಸಿಟ್ಟೂ ಸಂಕಟವೂ ಒಟ್ಟಿಗೆ ಬಂದು, ಸೌಟು ಅಲ್ಲೇ ಬಿಟ್ಟು ಓಡಿದೆ. ಕೊಳದ ಸುತ್ತ ನೋಡಿದೆ, ಇಲ್ಲ. ದೇವಸ್ಥಾನದ ಹಿಂದೆ ನೋಡಿದೆ, ಇಲ್ಲ. ಕೊನೆಗೆ ಗಾಡಿ ನಿಲ್ಲಿಸಿದ ಕಡೆ ಬಂದರೆ, ಅತ್ತೆ ನಮ್ಮ ಟೆಂಪೋದ ಮೆಟ್ಟಿಲ ಮೇಲೆ ನಿಂತು ಸೀಟುಗಳ ಕೆಳಗೆ ಬಗ್ಗಿ ನೋಡುತ್ತಿದ್ದಾರೆ.

"ಅತ್ತೆ! ಏನ್ ಮಾಡ್ತಿದ್ದೀರಿ ಇಲ್ಲಿ?"

"ಮೈಕು ಕೇಳಿಸ್ಲಿಲ್ವೇನವ್ವ?" ಎಂದರು ಗಾಬರಿಯಿಂದ. "ಯಾರೋ ಕಳ್ದೋಗ್ಯಾರಂತೆ. ನಿಮ್ಮ ಮಾವ ಕೂಗ್ತಾವ್ರೆ. ಎಲ್ಲಾ ಗಾಡಿ ಒಳಗೂ ನೋಡ್ದೆ, ಸಿಗ್ಲಿಲ್ಲ. ಪಾಪ, ಮನ್ಯೋರು ಎಷ್ಟು ಒದ್ದಾಡ್ತಿರ್ತಾರೋ ಏನೋ. ಬಾ, ಆ ಕಡೆ ಹುಡುಕಾಣ."

ನನ್ನ ಹೆಸರು ಮರೆತ ಅತ್ತೆ ಮಲ್ಲಪ್ಪನನ್ನು ಮರೆತಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರೂ ಅಕ್ಕಪಕ್ಕ ಹುಡುಕುತ್ತಲೇ ಮೈಕಿನವರೆಗೂ ನಡೆದೆವು. ಮಾವನನ್ನು ಕಂಡು ಅತ್ತೆ, "ಎಲ್ಲಾ ಕಡೆ ನೋಡ್ದೆ ಕಣ್ರಿ, ಸಿಗ್ಲಿಲ್ಲ" ಎಂದರು, ತಪ್ಪು ಮಾಡಿದವರ ಹಾಗೆ.

"ಸಿಕ್ರು ಬಿಡು" ಎಂದರು ಮಾವ. "ಈಗ ಸಿಕ್ರು." ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಮೈಕೆತ್ತಿದರು. "ಮಾಡದಕೆರೆ ಮಲ್ಲಪ್ಪನವರು ಬಂದು ಸೇರಿದ್ದಾರೆ. ಎಲ್ಲರಿಗೂ ಧನ್ಯವಾದ."

ಪಂಕ್ತಿಯಲ್ಲಿದ್ದ ಬೀಗರು ನನ್ನನ್ನು ಕರೆದು, "ಅಂತೂ ಬಂದ್ರಾ ನಿಮ್ಮ ಮಲ್ಲಪ್ಪನೋರು? ಊಟ ಆಯ್ತಂತಾ?" ಎಂದು ಕೇಳಿದರು.

"ಈಗ ಕುಂತ್ಕಂತಾರೆ" ಎಂದೆ. ಅತ್ತೆಯನ್ನು ಕೂರಿಸಿ ಎಲೆ ಹಾಕಿ, ಅರ್ಧರ್ಧ ಸೌಟೆಂದು ಕಾದಿಟ್ಟ ಪಾಯಸವನ್ನು ಅವರು ಸಾಕು ಸಾಕೆಂದರೂ ಬಿಡದೆ ಸೌಟು ತುಂಬಾ ಬಡಿಸಿದೆ.