ಮಾಣಿಕಪ್ಪನ ಗಾಡಿ, ಕಸ್ತೂರಬಾಯಿಯ ಇಂಜಿನ್

ತೆಂಗಿನಕಾಯಿಯನ್ನು ನಾನು ಹೊಡೆದದ್ದು ಗಾಡಿಯ ಬಂಪರಿಗೆ. ಕಾಯಿ ಒಡೆಯಲಿಲ್ಲ, ಬಂಪರು ಕಳಚಿ ನನ್ನ ಕಾಲ ಮುಂದೆ ಬಿತ್ತು. ಮಂತ್ರ ಅರ್ಧಕ್ಕೆ ನಿಂತಿತು. ಪೂಜೆ ನೋಡಲು ನೆರೆದಿದ್ದ ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಏನೂ ಆಗದವನಂತೆ ನಾನು ಬಂಪರಿಗೂ ಒಂದಿಷ್ಟು ವಿಭೂತಿ ಹಚ್ಚಿ ಬದಿಗೆ ಸರಿಸಿದೆ. ನಾವು ತಲೆತಲಾಂತರದಿಂದ ಮಾಣಿಕಪ್ಪನ ಮನೆತನದ ಅಯ್ಯನವರು, ಮನೆಗುರುಗಳು. ನಮ್ಮ ಅಜ್ಜನಿಗೆ ಇಂಥ ಅವಮಾನ ಆಗಿರಲಿಕ್ಕಿಲ್ಲ. ಆತ ಎತ್ತುಗಳಿಗೆ ಪೂಜೆ ಮಾಡುತ್ತಿದ್ದ. ಎತ್ತಿನಿಂದ ಏನೂ ಕಳಚಿ ಬೀಳುವುದಿಲ್ಲ.

ಕಸ್ತೂರಬಾಯಿ: ನೋಡ್ರಿ ಅಮರಯ್ಯನೋರ, ಗಾಡಿನೇ ಒಲ್ಲೆ ಅನ್ಲತ್ತದ. ನನ್ನ ಇಂಜಿನ್ ನನಗ ಬಿಚ್ಚಿ ಕೊಡ್ರಿ ಅಂತ ಹೇಳ್ರಿ ಇವರಿಗಿ.

ಮಾಣಿಕಪ್ಪ: ಬಂಪರ್ ಬಿತ್ತು, ಗಾಡಿ ಹಗರ ಆಯ್ತು ಅಂತ ಹೇಳ್ರಿ ಆಕಿಗಿ.

ಇಬ್ಬರ ನಡುವಿನ ಅಂತರ ಒಂದು ಮೊಳ. ಆದರೂ ಇಂಜಿನ್ ಬದಲಾದಾಗಿನಿಂದ ಗಂಡ ಹೆಂಡತಿ ನನ್ನ ಮೂಲಕವೇ ಮಾತಾಡುತ್ತಿದ್ದರು. ನಾನು ಅವರ ಟಪಾಲು ಡಬ್ಬಿಯಾಗಿದ್ದೆ.

ಸಂಗತಿ ಇಷ್ಟು. ಮಾಣಿಕಪ್ಪನ ಪಿಕಪ್ ಗಾಡಿ ಮಿಲಿಟರಿಯಲ್ಲಿ ದುಡಿದು ದಣಿದದ್ದು. ಹೈದರಾಬಾದಿನಲ್ಲಿ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಅದನ್ನು ಸೋಲಾಪುರದ ಹರಾಜಿನಲ್ಲಿ ಹಿಡಿದು ತಂದಿದ್ದ. ಅದರ ಪೆಟ್ರೋಲ್ ಇಂಜಿನ್ನು ಒಂದು ದಿನ ಕೆಮ್ಮಿ, ಹೊಗೆ ಬಿಟ್ಟು, ಲಿಂಗೈಕ್ಯವಾಯಿತು. ಗಾಡಿ ಬೇವಿನ ಗಿಡದ ಕೆಳಗೆ ಮೇವು ತುಂಬುವ ಗೂಡಾಯಿತು. ಇತ್ತ ಕಸ್ತೂರಬಾಯಿಯ ಹಿಟ್ಟಿನ ಗಿರಣಿಯಲ್ಲಿ, ದೇವಣಿಯ ತವರಿನವರು ಕೊಟ್ಟ ಡೀಸೆಲ್ ಇಂಜಿನ್ನು ಮುಂಜಾನೆಯಿಂದ ಕುಕ್ ಕುಕ್ ಎನ್ನುತ್ತಿತ್ತು. ಆಕೆ ತಂಗಿಯ ಬಾಣಂತನಕ್ಕೆಂದು ಉದಗೀರಕ್ಕೆ ಹೋಗಿ ಬರುವುದರೊಳಗೆ ಮಾಣಿಕಪ್ಪ ಕರೆಸಿದ ನಿಲಂಗಾದ ವೀರಭದ್ರ ಮಿಸ್ತ್ರಿ ಬಂದು ಆ ಇಂಜಿನ್ನನ್ನು ಗಾಡಿಯ ಹೊಟ್ಟೆಗೆ ಇಳಿಸಿ, ಮುಚ್ಚಳ ಮುಚ್ಚಲಾರದೆ ಹಾಗೆಯೇ ಬಿಟ್ಟು ಹೋಗಿದ್ದ. ಊರಿನ ಹೆಣ್ಣುಮಕ್ಕಳು ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಮತ್ತೆ ನಡುಮನೆಗೆ ಎಳೆದರು. ಎಳೆಯುವಾಗ ದೇವರ ಹೆಸರಿನ ಬದಲು ಮಾಣಿಕಪ್ಪನ ಹೆಸರು ತೆಗೆದುಕೊಂಡರು.

ಕೊನೆಗೆ ನಾನೇ ನಡುವೆ ಬಾಯಿ ಹಾಕಿ ಒಂದು ಮಾತು ಕಟ್ಟಿಕೊಟ್ಟೆ. ಇವತ್ತು ಗಾಡಿ ಊರವರ ಜೋಳ ಹೇರಿಕೊಂಡು ಉಮರಗಾದ ಗಿರಣಿ ಮುಟ್ಟಿದರೆ ಇಂಜಿನ್ನು ಗಾಡಿಗೆ. ಮುಟ್ಟದಿದ್ದರೆ ಕಸ್ತೂರಬಾಯಿಯ ಗಿರಣಿಗೆ. ಇಬ್ಬರೂ ಒಪ್ಪಿದ್ದರು, ನನ್ನ ಮುಖ ನೋಡಿ.

ಕಸ್ತೂರಬಾಯಿ: ಗಿರಣಿ ಇಂಜಿನ್ನಿನ ಮ್ಯಾಲ ಜ್ವಾಳ ಹೊರಿಸಿ ಮಂದಿ ಗಿರಣಿಗಿ ಬೀಸ್ಲಾಕ ಕಳಸೋ ಶಾಣ್ಯಾ ಇವರೊಬ್ಬರೇ ನೋಡ್ರಿ. ಆಕಳ ಬೆನ್ನ ಮ್ಯಾಲ ತಂಬಗಿ ಇಟ್ಟು, ಹಾಲು ಕಡ ತಗೊಂಡ್ ಬಾ ಅಂದಂಗಾಯ್ತು.

ಮಾಣಿಕಪ್ಪ ಹ್ಯಾಂಡಲ್ ತಿರುವಿದ. ಕುಕ್ ಕುಕ್ ಶುರುವಾಯಿತು. ಒಳಗೆ ಹತ್ತಿ ಒಂದನೆಯ ಗೇರು ಹಾಕಿದ. ಗಾಡಿ ಹಿಂದಕ್ಕೆ ಹೋಗಿ ಬಣವೆಗೆ ಒರಗಿತು. ಎರಡನೆಯದು ಹಾಕಿದ. ಗಾಡಿ ಬಣವೆಯ ಒಳಗೆ ಹೋಯಿತು.

ಕಸ್ತೂರಬಾಯಿ: ಉಮರಗಾ ಬಣವಿ ಒಳಗ ಇಲ್ಲ ಅಂತ ಹೇಳ್ರಿ ಅಯ್ಯನೋರ.

ಮಿಸ್ತ್ರಿ ಒಂದು ಸಂಗತಿ ಮರೆತಿದ್ದ. ಗಿರಣಿಯ ಇಂಜಿನ್ನು ಮೋಟರಿನ ಇಂಜಿನ್ನಿಗಿಂತ ಉಲ್ಟಾ ತಿರುಗುವಂಥದ್ದು. ಹೀಗಾಗಿ ಮುಂದೆ ಹೋಗಬೇಕಾದ ಗೇರುಗಳೆಲ್ಲ ಹಿಂದೆ ಹೋಗುತ್ತಿದ್ದವು. ಹಿಂದೆ ಹೋಗುವ ಒಂದೇ ಗೇರು ಮುಂದೆ ಹೋಗುತ್ತಿತ್ತು. ಆ ಗೇರಿನಲ್ಲಿ ಗಾಡಿಯ ವೇಗ ಎಷ್ಟೆಂದರೆ, ಗಬ್ಬದ ಎಮ್ಮೆ ಮೇಯುತ್ತ ಮೇಯುತ್ತ ಅದನ್ನು ದಾಟಿ ಹೋಗಬಹುದಿತ್ತು. ನಾನು ಒಳಗೊಳಗೇ ಖುಷಿಪಟ್ಟೆ, ಜಗಳ ಇಲ್ಲಿಗೆ ಮುಗಿಯಿತೆಂದು. ಮಾಣಿಕಪ್ಪ ಮೈಮೇಲಿನ ಮೇವು ಕೊಡವಿಕೊಂಡು ಇಳಿದು ಬಂದ.

ಮಾಣಿಕಪ್ಪ: ಉಮರಗಾ ಮುಟ್ಟಬೇಕು ಅಂತ ಮಾತಾಗ್ಯಾದ. ಮಾರಿ ಮುಂದ ಮಾಡಿ ಮುಟ್ಟಬೇಕು ಅಂತ ಎಲ್ಲಿ ಮಾತಾಗ್ಯಾದ? ಅಯ್ಯನೋರ, ನೀವೇ ಹೇಳ್ರಿ.

ಕಸ್ತೂರಬಾಯಿ: ಹೇಳ್ರಿ, ಹೇಳ್ರಿ. ಗುರುವಿನ ಬಾಯಿ ಇರೋದೇ ಹೇಳ್ಲಾಕ.

ಗಾಡಿಯ ಮುಖ ಯಾವ ಕಡೆ ಇರಬೇಕೆಂಬ ಮಾತು ಆಗಿರಲಿಲ್ಲವೆಂಬುದು ನಿಜ. ಅದನ್ನೇ ಹೇಳಿದೆ. ಕಸ್ತೂರಬಾಯಿ ನನ್ನನ್ನು ನೋಡಿದ ರೀತಿಗೆ, ನಾಳೆಯಿಂದ ಆ ಮನೆಯ ಭಿಕ್ಷೆಯ ಜೋಳಿಗೆಗೆ ಬೀಳುವುದು ಬರೀ ಹೊಟ್ಟು ಎಂದು ಖಾತ್ರಿಯಾಯಿತು.

ಆಕೆ ತಾನೂ ಬರುತ್ತೇನೆಂದು ಹತ್ತಿ ಗಂಡನ ಪಕ್ಕದಲ್ಲಿ ಕೂತಳು. ನಾನು ಹಿಂದೆ ಚೀಲಗಳ ಮೇಲೆ ಕೂತೆ. ಹಿಂದೆಯೇ ಈಗ ಮುಂದೆ ಆದದ್ದರಿಂದ ಮೆರವಣಿಗೆಯ ಮುಂಚೂಣಿಯಲ್ಲಿ ನಾನಿದ್ದೆ. ನನ್ನ ಶರೀರ ಮಠಗಳ ಪ್ರಸಾದದಿಂದ ಬೆಳೆದದ್ದು. ಅದು ಅಡ್ಡವಾಗಿ ಮಾಣಿಕಪ್ಪನಿಗೆ ದಾರಿ ಕಾಣದು. ದಾರಿ ಹೇಳುವ ಕೆಲಸ ನನ್ನದಾಯಿತು.

ನಾನು: ಎಡಕ್ಕ, ಮಾಣಿಕಪ್ಪ. ಬಂಡಿ ಬರ್ಲತ್ತದ.

ಮಾಣಿಕಪ್ಪ: ಯಾರ ಎಡಕ್ಕ?

ನಾನು: ನನ್ನ ಎಡಕ್ಕ.

ಮಾಣಿಕಪ್ಪ: ನಿಮ್ಮ ಎಡ ನನಗ ಬಲ ಆಗ್ತದಲ್ರೀ.

ಕಸ್ತೂರಬಾಯಿ: ಗಾಡಿಗಿ ತನ್ನ ಎಡ ಯಾವುದು ಅಂತ ಗೊತ್ತದೇನು, ಅದನ್ನೊಮ್ಮೆ ಕೇಳ್ರಿ ಮೊದಲ.

ಬಂಡಿಯವನು ಗಾಡಿಯ ಬೆನ್ನು ನೋಡಿ, ಅದು ದೂರ ಹೋಗುತ್ತಿದೆ ಎಂದು ನಂಬಿ, ನಿಶ್ಚಿಂತೆಯಿಂದ ಬೀಡಿ ಹಚ್ಚಿಕೊಂಡು ಬರುತ್ತಿದ್ದ. ಬೆನ್ನು ದೊಡ್ಡದಾಗುತ್ತಲೇ ಬಂದಾಗ ಬೀಡಿ ಬಿಸಾಕಿ ಎತ್ತುಗಳನ್ನು ಹೊಲಕ್ಕೆ ಇಳಿಸಿದ. ಆಮೇಲೆ ನಾವು ಎಡಬಲಗಳನ್ನು ಕೈಬಿಟ್ಟೆವು. ಒಂದು ಮಗ್ಗಲು ನಿಲಂಗಾ ಕಡೆ, ಇನ್ನೊಂದು ಆಳಂದ ಕಡೆ ಎಂದು ಒಪ್ಪಂದವಾಯಿತು. 'ನಿಲಂಗಾ ಕಡಿ, ನಿಲಂಗಾ ಕಡಿ' ಎಂದು ನಾನು ಕೂಗುತ್ತಿದ್ದರೆ, ಹಾದಿಯಲ್ಲಿ ನಿಂತ ಒಬ್ಬ ಮುದುಕ ಬಸ್ಸೆಂದು ತಿಳಿದು ಕೈ ಮಾಡಿದ.

ಇಷ್ಟಾದರೂ ಗಾಡಿ ಓಡುತ್ತಿತ್ತು. ಮಾಣಿಕಪ್ಪ ಹಾಡು ಗುನುಗಲು ಶುರುಮಾಡಿದ್ದ. ಇಂಜಿನ್ನು ಕಸ್ತೂರಬಾಯಿಯ ಕೈಬಿಟ್ಟಿತೆಂದೇ ನಾನು ಅಂದುಕೊಂಡೆ.

ಮೊದಲ ಹಳ್ಳಿ ಬಂದದ್ದೇ ತಡ, ಬುಟ್ಟಿ ಹೊತ್ತ ಹೆಂಗಸರು ಓಣಿಯಿಂದ ಓಡಿ ಬಂದರು. ಕುಕ್ ಕುಕ್ ಸದ್ದು ಕೇಳಿದರೆ ಕಾಳು ಹೊತ್ತು ಹೊರಡುವುದು ಈ ಕಡೆಯ ರೂಢಿ. ಕಸ್ತೂರಬಾಯಿಯ ಗಿರಣಿ ನಿಂತಾಗಿನಿಂದ ಅವರೂ ಕೈ ನೋಯುವಂತೆ ಬೀಸಿದವರೇ.

ತುಳಜಾಬಾಯಿ ಎಂಬ ಮುದುಕಿ 'ಗಿರಣಿ ಆಲೀ ಗ, ಗಿರಣಿ ಆಲೀ' ಎಂದು, ಗಿರಣಿಯೇ ಬಂತೆಂದು ಮರಾಠಿಯಲ್ಲಿ ಸಾರುತ್ತ ಬಂದು ಗೋಧಿಯ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಳು.

ಮಾಣಿಕಪ್ಪ: ಮಾವಶಿ, ಇದು ಗಿರಣಿ ಅಲ್ಲ, ಮೋಟರ್.

ತುಳಜಾಬಾಯಿ: ನನಗ ಕಣ್ಣು ಮಂಜ ಆಗ್ಯಾವ, ಕಿವಿ ಅಲ್ಲ. ಕಸ್ತೂರಿ ಗಿರಣಿ ಸಪ್ಪಳ ನನಗ ಗೊತ್ತಿಲ್ಲೇನು? ಸಣ್ಣಗ ಬೀಸ್ಲಾಕ ಹೇಳು.

ಕಸ್ತೂರಬಾಯಿ ಗಾಡಿಯಿಂದ ತಲೆ ಹೊರಗೆ ಹಾಕಿದಳು. ಆ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

ಕಸ್ತೂರಬಾಯಿ: ಸಣ್ಣಗೇ ಬೀಸ್ತೀನಿ ಮಾವಶಿ. ನಾಳಿ ಬಂದು ಹಿಟ್ಟು ಒಯ್ರಿ.

ಮಾಣಿಕಪ್ಪ ನನ್ನನ್ನು ಮರೆತು ನೇರವಾಗಿ ಹೆಂಡತಿಗೇ ಕೇಳಿದ.

ಮಾಣಿಕಪ್ಪ: ನಾಳಿ ಯಾವ ಇಂಜಿನ್ ಮ್ಯಾಲ ಬೀಸ್ತಿ?

ಕಸ್ತೂರಬಾಯಿ: ಅದನ್ನ ನೀವೇ ಮಾವಶಿಗಿ ಹೇಳ್ರಿ.

ಅವನು ಮತ್ತೆ ಗೇರು ಹಾಕಿದ. ಮುಂದಿನ ಹಳ್ಳಿಯಲ್ಲೂ ಹೀಗೆಯೇ, ಅದರ ಮುಂದಿನದರಲ್ಲೂ. ಬುಟ್ಟಿ, ಗಂಟು, ಚೀಲ ಎಲ್ಲ ನನ್ನ ಸುತ್ತ ಏರಿ, ಕೊನೆಗೆ ನನ್ನ ಹಣೆಯ ವಿಭೂತಿ ಮಾತ್ರ ಹೊರಗೆ ಉಳಿಯಿತು. ಉಮರಗಾದ ಮನೆಗಳು ಕಾಣತೊಡಗಿದಾಗ ಮಾಣಿಕಪ್ಪ ಗಾಡಿ ನಿಲ್ಲಿಸಿದ.

ಕಸ್ತೂರಬಾಯಿ: ಯಾಕ ನಿಂತ್ರಿ? ಹೋಗ್ರಿ, ಮುಟ್ರಿ. ಇಂಜಿನ್ ನಿಮ್ಮದೇ ಆಗ್ತದ. ಬರೂಮುಂದ ಹಾದಿ ಮಾತ್ರ ಇದೇ ಅದ.

ಮಾಣಿಕಪ್ಪ ಆ ಹಾದಿಯನ್ನು ನೋಡಿದ. ಬುಟ್ಟಿ ಕೊಟ್ಟ ಅಷ್ಟೂ ಹೆಂಗಸರು, ಕಸ್ತೂರಿಯ ಗಿರಣಿ ಎಲ್ಲಿ ಎಂದು ಕೇಳುತ್ತ, ಅವನ ಕಣ್ಣ ಮುಂದೆ ನಿಂತಿರಬೇಕು. ಗಾಡಿಯ ಮುಖ ಹೇಗೂ ಊರಿನ ಕಡೆಗೇ ಇತ್ತು. ಮುಂದೆ ಹೋಗುವ ಆ ಒಂದೇ ಗೇರನ್ನು ಹಾಕಿದ. ಎಮ್ಮೆಗಳು ನಮ್ಮನ್ನು ದಾಟಿ ಮುಂದೆ ಹೋದವು.

ಅರ್ಧ ಹಾದಿಯಲ್ಲಿ ಅವನ ದನಿ ಸಣ್ಣದಾಯಿತು.

ಮಾಣಿಕಪ್ಪ: ಇಂಜಿನ್ ಬಿಚ್ಚಿದ್ರ ಊರಾಗ ನಗ್ತಾರ, ಕಸ್ತೂರಿ.

ಕಸ್ತೂರಬಾಯಿ: ಬಿಚ್ಚು ಅಂತ ಯಾರ ಅಂದಾರ್ರೀ? ಗಾಡಿ ಗಿರಣಿ ಬಾಗಲಾಗ ನಿಲ್ಲಸ್ರಿ. ಹಿಂದಿನ ಒಂದು ಗಾಲಿ ಎತ್ತಿ, ಟಾಯರ್ ತೆಗೆದು, ಅದಕ್ಕ ಗಿರಣಿ ಪಟ್ಟಾ ಏರಸ್ರಿ. ಇಂಜಿನ್ ನಂದು ನನಗಾಯ್ತು. ನೀವು ಸ್ಟೇರಿಂಗ್ ಹಿಡಕೊಂಡು ಕುಂದರ್ರಿ, ಡ್ರೈವರ್ ಡ್ರೈವರೇ.

ಹಾಗೆಯೇ ಆಯಿತು. ಆ ವರ್ಷವೇ ನಮ್ಮ ಊರು, ಕೂತ ಜಾಗ ಬಿಟ್ಟು ಕದಲದೆ, ಹೈದರಾಬಾದ್ ರಾಜ್ಯದಿಂದ ಮುಂಬಯಿ ರಾಜ್ಯಕ್ಕೆ ಸೇರಿತು. ಹೊಸ ಸರಕಾರದ ಒಬ್ಬ ಕಾರಕೂನ ಮೋಟರುಗಳ ವಿಚಾರಣೆಗೆಂದು ಬಂದ. ಗಾಡಿಯ ಗಾಲಿ ಕಲ್ಲಿನ ಮೇಲೆ ಗರಗರ ತಿರುಗುತ್ತಿತ್ತು. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಮಾಣಿಕಪ್ಪ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದ. ಕಾರಕೂನ ಸುತ್ತ ಒಂದು ಸಲ ತಿರುಗಿ ನೋಡಿ, ಈ ಗಾಡಿ ಎಲ್ಲಿಂದ ಎಲ್ಲಿಯ ತನಕ ಓಡುತ್ತದೆ ಎಂದು ಕೇಳಿದ.

ಮಾಣಿಕಪ್ಪ: ಗಾಡಿ ಎಲ್ಲೂ ಹೋಗಂಗಿಲ್ಲ ಸಾಹೇಬ್ರ. ಊರುಗೋಳೇ ಬಂದು ಹೋಗ್ತಾವ.