ಒಂದೇ ಸೀಟಿನ ಕಾರು

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಹಲ್ಲುಜ್ಜಿದಳು, ಹಾಲು ಕಾಯಿಸಿದಳು, ಬೀರುವಿನ ಮೇಲಿದ್ದ ಗಂಡನ ಕೆಂಪು ಹೆಲ್ಮೆಟ್ಟಿನ ಧೂಳು ಒರೆಸಿದಳು. ಎಡವಟ್ಟಾದದ್ದು ಅಲ್ಲೇ.

"ಅದು ಗ್ಯಾರೇಜಿನವನದು," ಎಂದರು ಬಾಗಿಲು ತಟ್ಟದೆ ಒಳಬಂದ ಮೇಲಿನ ಮನೆ ಆಂಟಿ. "ನಿನ್ನ ಗಂಡ ಎಲ್ಲಾ ಅವನ ಹತ್ರಾನೇ ತರ್ತಿದ್ದ. ಬೇರೆಯವರ ಸಾಮಾನು ಮನೇಲಿ ಇಟ್ಕೋಬಾರದಮ್ಮ. ಇವತ್ತು ಭಾನುವಾರ, ಟ್ರ್ಯಾಕಲ್ಲಿ ಸಿಗ್ತಾನೆ. ಹಂಗೇ ಆ ಡಬ್ಬಾ ಕಾರನ್ನೂ ಮಾರಿಬಿಡು."

"ಕಾರು ಮಾತ್ರ ಯಾರಿಗೂ ಕೊಡಲ್ಲ ಆಂಟಿ."

ಗಂಡ ಲೆಕ್ಕದ ಮೇಷ್ಟ್ರು. ಭಾನುವಾರ ಮಾತ್ರ ರೇಸುಗಾರ. ದೊಡ್ಡ ಎಂಜಿನ್ ಹಾಕಿಸುವ ತಾಕತ್ತಿಲ್ಲದೆ ಕಾರಿನ ತೂಕ ಇಳಿಸಲು ಹೊರಟಿದ್ದ. ಹಿಂದಿನ ಸೀಟು, ಪಕ್ಕದ ಸೀಟು, ರೇಡಿಯೋ, ಕಾರ್ಪೆಟ್ಟು ಎಲ್ಲ ಕಿತ್ತಾದ ಮೇಲೆ ತಾನೂ ರಾತ್ರಿಯೂಟ ಬಿಟ್ಟಿದ್ದ. ಅಷ್ಟು ವೇಗದಲ್ಲಿ ಓಡಿಸಿಯೂ ಏನೂ ಆಗದವನು ಬಲ್ಬು ಬದಲಿಸಲು ಸ್ಟೂಲು ಹತ್ತಿ, ಬಿದ್ದು ಸತ್ತ.

ಹೆಲ್ಮೆಟ್ ವಾಪಸ್ ಕೊಡಲು ಅವಳು ಕಾರು ಹತ್ತಿದಾಗ, "ನಿನ್ನೊಬ್ಬಳನ್ನೇ ಕಳಿಸ್ತೀನಾ?" ಎಂದು ಆಂಟಿ ಪಕ್ಕದಲ್ಲಿ ಸೀಟಿಲ್ಲದ ಕಡೆ ಹಾಸಿಗೆ ಮಡಚಿ ಹಾಕಿ ಕೂತೇಬಿಟ್ಟರು. ಹೊರಗಿನವರಿಗೆ ಅವರ ತುರುಬೂ ಕಾಣುತ್ತಿರಲಿಲ್ಲ.

ಟ್ರ್ಯಾಕಿನ ಗೇಟಿನಲ್ಲಿ ಬಾವುಟದವನು ಹಲ್ಲು ಬಿಟ್ಟ. "ಮೇಷ್ಟ್ರ ಕಾರು! ಹೆಲ್ಮೆಟ್ ತೊಡೆ ಮೇಲೆ ಯಾಕೆ? ಹಾಕ್ಕೊಳ್ಳಿ, ಹಾಕ್ಕೊಳ್ಳಿ!"

ಅವಳು ಹಾಕಿಕೊಂಡಳು. ಅವನು ಎಡಕ್ಕೆ ಕೈ ತೋರಿಸಿದ. ಎಡಕ್ಕೆ ತಿರುಗಿದಳು. ಮುಂದೆ ಒಂದು ಕಾರು, ಹಿಂದೆ ಹತ್ತು ಹಾರ್ನು. ಇದು ಪಾರ್ಕಿಂಗ್ ಅಲ್ಲ ಎಂದು ಹೊಳೆಯುವಷ್ಟರಲ್ಲಿ ಬಾವುಟ ಬೀಸಿಯಾಗಿತ್ತು.

ಮೊದಲ ತಿರುವಿನಲ್ಲಿ ಅರ್ಧಕ್ಕರ್ಧ ಜನ ಅವಳನ್ನು ದಾಟಿದರು. ಎರಡನೆಯದರಲ್ಲಿ ಆಂಟಿ ಡಬ್ಬಿಯೊಳಗಿನ ಕಡಲೆಯಂತೆ ಈ ಬಾಗಿಲಿಗೊಮ್ಮೆ ಗೇರಿಗೊಮ್ಮೆ ಬಡಿದರು.

"ನಿಲ್ಸೇ! ಜೀವ ಬಾಯಿಗೆ ಬಂತು!"

"ಹಿಂದೆ ಬರ್ತಿದ್ದಾರೆ ಆಂಟಿ, ಹೆಂಗೆ ನಿಲ್ಸಲಿ?"

ನಿಲ್ಲಿಸಲಾಗದ್ದಕ್ಕೆ ಆಕ್ಸಿಲರೇಟರ್ ಒತ್ತಿದಳು. ಬಡಕಲು ಕಾರು ಬಾಲಕ್ಕೆ ಪಟಾಕಿ ಕಟ್ಟಿದ ಕರುವಿನಂತೆ ಹಾರಿತು. ನೀಲಿ ಕಾರೊಂದನ್ನು ಹಿಂದೆ ಹಾಕಿತು. ಹೆಲ್ಮೆಟ್ಟಿನೊಳಗೆ ಏನೋ ವಿಚಿತ್ರ ಸದ್ದು. ಎಂಜಿನ್ನಿನದಲ್ಲ, ಅವಳೇ ನಗುತ್ತಿದ್ದಳು.

"ಆ ಹಳದಿಯವನನ್ನೂ ಬಿಡಬೇಡ!" ಎಂದು ಕೆಳಗಿನಿಂದ ಆಂಟಿ ಕೂಗಿದರು. "ಒತ್ತೇ, ಒತ್ತು!"

ಮೂರು ಸುತ್ತು ಮುಗಿಸಿ ನಿಂತಾಗ ಗ್ಯಾರೇಜಿನವನು ಓಡಿಬಂದ. ಹೆಲ್ಮೆಟ್ಟಿನ ಗಾಜು ಎತ್ತಿದವಳನ್ನು ಕಂಡು ಬೆಚ್ಚಿದ.

"ಅಮ್ಮಾ, ನೀವಾ!"

"ಮುಂದಿನ ಭಾನುವಾರಾನೂ ಬರ್ತೀನಿ ಅಣ್ಣ. ಹೆಂಗಿದ್ರೂ ಕಾರಿದೆಯಲ್ಲ. ಒಂದು ಹೆಲ್ಮೆಟ್ ತಗೊಂಡ್ರೆ ಆಯ್ತು. ಇದು ನಿಮ್ದು, ವಾಪಸ್ ಕೊಡೋಣ ಅಂತಾನೇ ಬಂದೆ."

ಅವನು ಎಣ್ಣೆಗೈಯಲ್ಲಿ ಕತ್ತು ಕೆರೆದುಕೊಂಡ. "ಹೆಲ್ಮೆಟ್ ಮೇಷ್ಟ್ರದ್ದೇ ಅಮ್ಮ. ಅವರು ಕೊಂಡಿದ್ದು ಅದೊಂದೇ."

"ಮತ್ತೆ?"

"ಕಾರು ನಂದು. ಓಡಿಸಿ ವಾಪಸ್ ಕೊಡಿ ಅಂತ ಕೊಟ್ಟಿದ್ದೆ. ಮನೇಲಿ ಹೇಳಬೇಡ, ಮರ್ಯಾದೆ ಹೋಗುತ್ತೆ ಅಂದಿದ್ರು." ಬಗ್ಗಿ ಒಳಗೆ ನೋಡಿದವನ ಮುಖ ಸಪ್ಪಗಾಯಿತು. "ನಾನು ಕೊಟ್ಟಾಗ ಇದರಲ್ಲಿ ಸೀಟುಗಳಿದ್ವು... ಅದಕ್ಕೇ ಮೇಷ್ಟ್ರು ನನ್ನನ್ನ ಕಾರಿನ ಹತ್ರ ಬಿಡ್ತಿರಲಿಲ್ಲ!"

ಹಾಸಿಗೆಯಿಂದ ಏಳುತ್ತಿದ್ದ ಆಂಟಿ ಮತ್ತೆ ಕೂತರು. "ಹಿಂದಿನ ಸೀಟು ನಮ್ಮ ಬಾಲ್ಕನೀಲಿದೆ," ಎಂದರು ಸಣ್ಣ ದನಿಯಲ್ಲಿ. "ಕೂತ್ಕೊಳ್ಳೋಕೆ ಎಷ್ಟು ಮೆತ್ತಗಿದೆ ಗೊತ್ತಾ!"

"ಇನ್ನೊಂದು ಸುತ್ತು ಹೊಡ್ಕೊಂಡು ಬಂದು ಕೊಡ್ಲಾ ಅಣ್ಣ?"

ಅವನು ಟ್ರ್ಯಾಕಿನ ಕಡೆ ನೋಡಿದ. ಬಾವುಟದವನು ಬಾವುಟ ಸುತ್ತಿಟ್ಟು ಗೇಟು ಎಳೆಯುತ್ತಿದ್ದ.

ಅವಳು ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಂಡಳು. ಆಮೇಲೆ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು.