ಕತ್ತಲ ರಾತ್ರಿಯ ಮುಖಪುಟ

ಎಲ್ಲಕ್ಕೂ ಮೂಲ ಅಮೀನ್‌ಸಾಬರ ಬಾಯಲ್ಲಿದ್ದ ಎಲೆಯಡಿಕೆ. ಅದನ್ನು ಉಗುಳಿ ಫೋನು ಮಾಡಿದ್ದರೆ ಮುಕ್ತಿಯಾರ್ ಇವತ್ತಿಗೂ ನಿಶ್ಚಿಂತೆಯಿಂದ ಸಿಂಧನೂರಿನ ತನ್ನ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತು ಯಾರದೋ ಹುಟ್ಟುಹಬ್ಬಕ್ಕೆ ಕಿರೀಟ ಅಂಟಿಸುತ್ತಿರುತ್ತಿದ್ದ.

ಊರಿನ ಸುಖದುಃಖಗಳೆಲ್ಲ ಅವನ ಕಂಪ್ಯೂಟರಿನಿಂದಲೇ ಹೊರಬಿದ್ದು ಕಂಬಕ್ಕೇರುತ್ತಿದ್ದವು. ಗೃಹಪ್ರವೇಶ, ಜವಳ, ಶ್ರದ್ಧಾಂಜಲಿ, ಗೆದ್ದವರಿಗೆ ಅಭಿನಂದನೆ, ಸೋತವರಿಗೂ ಅಭಿನಂದನೆ. ಆದರೆ ಅವನಿಗೊಂದು ಗುಪ್ತ ಆಸೆಯಿತ್ತು. ಒಂದೇ ಒಂದು ಪುಸ್ತಕಕ್ಕೆ ಮುಖಪುಟ ಮಾಡಬೇಕು. ಫ್ಲೆಕ್ಸ್ ಗಾಳಿಗೆ ಹರಿದು ಎಮ್ಮೆ ಕೊಟ್ಟಿಗೆಯ ಮೇಲೆ ಹೊದಿಕೆಯಾಗುತ್ತದೆ, ಪುಸ್ತಕ ಉಳಿಯುತ್ತದೆ.

ಆ ಆಸೆ ಅಮೀನ್‌ಸಾಬರ ರೂಪದಲ್ಲಿ ಕೈಗೂಡಿತು. ಅಮೀನ್‌ಸಾಬರು ನಿವೃತ್ತ ಪಿಎಸ್‌ಐ. ನೌಕರಿಯಲ್ಲಿದ್ದಾಗ ಅವರು ಕೆಮ್ಮಿದರೆ ಸಾಕು, ಬಸ್‌ಸ್ಟ್ಯಾಂಡಿನ ಜೇಬುಗಳ್ಳರು ಕೈಗಳನ್ನು ತಮ್ಮ ತಮ್ಮ ಜೇಬಿಗೇ ಹಾಕಿಕೊಳ್ಳುತ್ತಿದ್ದರಂತೆ. ಮುಕ್ತಿಯಾರನ ಅಂಗಡಿ ಇದ್ದ ಕಟ್ಟಡವೂ ಅವರದೇ. ಅವರ ಬುಲೆಟ್ ಬೈಕಿನ ಸದ್ದು ಕೇಳಿದರೆ ಅವನ ಬೆರಳು ಮೌಸಿನ ಮೇಲೆ ತಾನಾಗಿ ಸೆಟೆದುಕೊಳ್ಳುತ್ತಿತ್ತು. ಅಂಥವರು ಒಂದು ದಿನ ಮಸ್ಕಿಯ ಮನೆಯಿಂದ ಫೋನು ಮಾಡಿ, ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡೇ, "ನಂದೊಂದು ಪುಸ್ತಕ ಬರಾಕತ್ತೈತಿ. ಹೆಸರು ಬರಕೋ, ಕತ್ತಲ ರಾತ್ರಿ. ಒಂದು ಹೆಣ್ಮಗಳ ಫೋಟೋ ಕಳಿಸ್ತೀನಿ. ಮುಖ ಕಾಣೂದು ಬ್ಯಾಡ, ತಿಳೀತಿಲ್ಲೋ?" ಎಂದರು.

ಆದರೆ ಎಲೆಯಡಿಕೆ ದಾಟಿ ಬಂದದ್ದು "ಕತಲ್ ರಾತ್ರಿ". ಮನೆಯಲ್ಲಿ ದಖನಿ ಉರ್ದು, ಬಜಾರಿನಲ್ಲಿ ಕನ್ನಡ ಆಡಿ ಬೆಳೆದ ಮುಕ್ತಿಯಾರನ ಕಿವಿಗೆ ಕತಲ್ ಅಂದರೆ ಒಂದೇ ಅರ್ಥ, ಕೊಲೆ. ಬರೆದವರು ಪೊಲೀಸರು, ಫೋಟೋದಲ್ಲಿ ಹೆಣ್ಣು, ಮುಖ ಕಾಣಬಾರದು. ಇನ್ನೇನು ಕೇಳುವುದಿದೆ? ಕೇಳುವ ಧೈರ್ಯವೂ ಇರಲಿಲ್ಲ.

ಅವನು ಫೋನಿನಲ್ಲಿ ದೇಶವಿದೇಶದ ಮುಖಪುಟಗಳನ್ನೆಲ್ಲ ಜಾಲಾಡಿದ. ಒಂದರಿಂದ ಹೊಗೆ, ಇನ್ನೊಂದರಿಂದ ಚಾಕು, ಮತ್ತೊಂದರಿಂದ ಹರಿಯುವ ರಕ್ತ ತಂದ. ಇದಕ್ಕೆ ಅವನು ಸ್ಫೂರ್ತಿ ಎನ್ನುತ್ತಿದ್ದ. ಫೋಟೋದ ಹೆಣ್ಣನ್ನು ನೆಲಕ್ಕೆ ಕೆಡವಿ, ಮುಖದ ಮೇಲೆ ಕೂದಲು ಹರಡಿ, ಅದರ ಮೇಲೆ ರಕ್ತ ಸುರಿದು, 'ಕತಲ್ ರಾತ್ರಿ' ಎಂದು ಬರೆದು ಕಳಿಸಿದ. ಸಾಹೇಬರಿಂದ ಮೇಲೆತ್ತಿದ ಹೆಬ್ಬೆರಳು ಬಂತು. ಒಳಪುಟಗಳನ್ನು ಹುಬ್ಬಳ್ಳಿಯ ಪ್ರೆಸ್ಸಿನವರೇ ಜೋಡಿಸಿದ್ದರಿಂದ, ಪುಸ್ತಕದಲ್ಲಿ ಏನಿದೆಯೆಂದು ಅವನು ನೋಡಲೇ ಇಲ್ಲ.

ಬಿಡುಗಡೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದ ಪುಸ್ತಕಗಳ ಗಂಟು ಬಿಚ್ಚಿದಾಗ ಅವನ ಕಣ್ಣು ತುಂಬಿ ಬಂತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರಿತ್ತು. ತಾಯಿ ಖಾತೂನ್‌ಬೀ ಹೊಸ ಸೀರೆಯುಟ್ಟು ಆಗಲೇ ಮಸ್ಕಿಗೆ ಹೊರಟಿದ್ದಳು, ಮಗನಿಗೆ ಶಾಲು ಹೊದಿಸುವುದನ್ನು ಮುಂದಿನ ಸಾಲಿನಲ್ಲೇ ಕೂತು ನೋಡಲು. ಪಕ್ಕದ ಜೆರಾಕ್ಸ್ ಅಂಗಡಿಯ ಸುಲ್ತಾನಾ ಒಂದು ಪ್ರತಿ ಎತ್ತಿಕೊಂಡು ಪುಟ ತಿರುವಿದಳು. ತಿರುವುತ್ತ ತಿರುವುತ್ತ ಅವಳ ಹುಬ್ಬು ಮೇಲೇರಿತು.

"ಮುಕ್ತಿಯಾರ್ ಭಾಯ್, ಹೆಣ ಎಲ್ಲೈತಿ ಇದರಾಗ?"

"ಮುಂದ ಬರತೈತಿ, ಓದು."

"ಏನ್ ಓದ್ಲಿ? 'ನಿನ್ನ ನೆನಪೇ ದೀಪವಾಯಿತು, ನನ್ನ ಕತ್ತಲ ರಾತ್ರಿಗೆ' ಅಂತ ಐತಿ. ಇವು ಪ್ರೇಮ ಕವನ! ಕತ್ತಲ ರಾತ್ರಿ ಅದು, ಕತಲ್ ಅಲ್ಲ!"

ಮುಕ್ತಿಯಾರ್ ಪುಸ್ತಕ ಕಸಿದುಕೊಂಡ. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಪ್ರೀತಿಯೇ ಪ್ರೀತಿ. ಅವನು ಗಂಟಿನ ಮೇಲೆಯೇ ಕುಸಿದು ಕೂತ. ಫೋಟೋದಲ್ಲಿದ್ದವಳು ಮತ್ಯಾರು? ಸಾಹೇಬರ ಹೆಂಡತಿ ಸರ್ದಾರಬಿ, ಹರೆಯದಲ್ಲಿ. ಸಾಹೇಬರು ಮೋಹದಿಂದ ಕವಿತೆ ಬರೆದ ಹೆಂಡತಿಯನ್ನು ಅವನು ಮುಖಪುಟದ ಮೇಲೆ ಕೊಂದು ಕೆಡವಿದ್ದ.

"ನನ್ನ ಜೀವ ತೆಗೀತಾರ," ಎಂದ.

ಸುದ್ದಿ ಕೇಳಿ ಎದುರಿನ ಚಹಾ ಹೋಟೆಲಿನ ರಹಿಮಾನ್ ಚಾಚಾ ಸೌಟು ಹಿಡಿದೇ ಬಂದ. ಮುಖಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಚಾಕು ಭಾಳ ಚೊಲೋ ಬಂದೈತಿ ನೋಡು," ಎಂದು ಮೆಚ್ಚಿಕೊಂಡ. "ಆದ್ರ ಅಮೀನ್‌ಸಾಬ್ ಬಿಡೂ ಮನಶಾ ಅಲ್ಲ. ಹಿಂದ ಒಬ್ಬಾವ ಅವರಿಗಿ ಸಲಾಂ ಹೊಡಿಯೂದು ಮರ್ತಿದ್ದ. ಈಗೂ ಅವನ ಕೈ ಸಲಾಂದಾಗನ ನಿಂತೈತಿ, ಕೆಳಗ ಇಳಿಯಂಗಿಲ್ಲ."

"ಚಾಚಾ, ಹೆದರಸಬ್ಯಾಡ್ರಿ!"

"ನಾ ಯಾಕ ಹೆದರಸ್ಲಿ? ಹಟ್ಟಿ ಚಿನ್ನದ ಗಣಿಯಾಗ ನಮ್ಮ ಅಳಿಯ ಅದಾನ. ಭೂಮಿ ಒಳಗ ಇಳಿಸಿಬಿಟ್ರ ಯಾರಿಗೂ ಸಿಗಂಗಿಲ್ಲ ನೀ. ಫೋನ್ ಹಚ್ಚಲೇನು?"

ಮುಕ್ತಿಯಾರ್ ಒಂದು ಕ್ಷಣ ಅದನ್ನೂ ಯೋಚಿಸಿದ. ಕಡೆಗೆ ತಪ್ಪೊಪ್ಪಿಕೊಳ್ಳುವುದೇ ಮೇಲೆಂದು ಸಾಹೇಬರಿಗೇ ಫೋನು ಹಚ್ಚಿದ.

"ಏನಲೇ?" ಎಂದಿತು ಆ ಕಡೆಯ ಧ್ವನಿ.

"ಸಾಹೇಬ್ರ, ಅದು... ಮುಖಪುಟದಾಗ..."

"ಏನಾತು ಮುಖಪುಟಕ್ಕ?"

"ಏನಿಲ್ರಿ ಸಾಹೇಬ್ರ. ನಾಷ್ಟಾ ಆತೇನ್ರಿ?"

"ಪುಸ್ತಕ ತೊಗೊಂಡು ಜಲ್ದಿ ಬಾ. ನಮ್ಮಾಕಿ ಕೈಲೆ ಬಿಡುಗಡಿ ಮಾಡ್ಸಾಕತ್ತೀನಿ. ಏನರ ಹೆಚ್ಚುಕಮ್ಮಿ ಆದ್ರ, ಮಗನ..." ಫೋನು ಅಷ್ಟಕ್ಕೇ ಕಟ್ಟಾಯಿತು. ಪೂರ್ತಿ ಬೈದಿದ್ದರೂ ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ತನ್ನ ಹೆಣದ ಚಿತ್ರವನ್ನು ಸರ್ದಾರಬಿ ತನ್ನ ಕೈಯಾರೆ ಬಿಚ್ಚಿ ಜನಕ್ಕೆ ತೋರಿಸುವ ದೃಶ್ಯ ಮುಕ್ತಿಯಾರನ ಕಣ್ಣ ಮುಂದೆ ಬಂತು. ಮುಖಕ್ಕೆ ನೀರು ಹಾಕಿಕೊಳ್ಳಲು ಹಿತ್ತಲಿಗೆ ಓಡಿದ. ಮರಳಿ ಬರುವಷ್ಟರಲ್ಲಿ ಸುಲ್ತಾನಾ ಅವನ ಕಂಪ್ಯೂಟರಿನ ಮುಂದೆ ಕೂತಾಗಿತ್ತು.

"ಅಳೂದು ಆಮ್ಯಾಲ. ಹೊಸಾ ಹೊದಿಕಿ ಮಾಡಿ ಮ್ಯಾಲ ಅಂಟಸೂಣು. ಫೋಟೋ ಎಲ್ಲೈತಿ?"

ಫೋಟೋ ಹಳೆಯದು, ಮಸುಕು. ಸುಲ್ತಾನಾ ಅದನ್ನು ತನ್ನ ಫೋನಿನ ಯಾವುದೋ ಆ್ಯಪಿಗೆ ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮಸುಕೆಲ್ಲ ಹೋಗಿ, ಎರಡು ಜಡೆಯ ಹುಡುಗಿಯೊಬ್ಬಳು ಇವತ್ತೇ ಸ್ಟುಡಿಯೋದಿಂದ ಎದ್ದು ಬಂದವಳಂತೆ ನಕ್ಕಳು.

"ಆದ್ರ ಸಾಹೇಬ್ರು ಮುಖ ಕಾಣೂದು ಬ್ಯಾಡ ಅಂದಿದ್ರು," ಎಂದ ಮುಕ್ತಿಯಾರ್.

"ನಾಚಿಕಿ ಅದು! ಮುದುಕರಾದ ಮ್ಯಾಲ ಹೆಂಡತಿ ಮ್ಯಾಲಿನ ಪ್ರೀತಿ ತೋರಸಾಕ ಗಂಡಸ್ರಿಗಿ ನಾಚಿಕಿ ಬರತೈತಿ. ಸರ್ದಾರಬಿ ಚಾಚಿ ಮುಖಾನ ಪುಟದ ತುಂಬ ಹಾಕು. ಆಕಿ ಖುಷಿ ಆದ್ರ ಸಾಹೇಬ್ರು ನಿನ್ನ ಏನೂ ಅನ್ನಂಗಿಲ್ಲ."

ಮುಳುಗುವವನಿಗೆ ವಿಚಾರ ಮಾಡಲು ಪುರಸತ್ತಿರುವುದಿಲ್ಲ. ಮುಕ್ತಿಯಾರ್ ಚಾಕು ಅಳಿಸಿದ, ರಕ್ತ ಒರೆಸಿದ, ಚಂದ್ರನನ್ನು ತಂದ, ಮಲ್ಲಿಗೆ ಸುರಿದ, ಬಿದ್ದುಹೋಗಿದ್ದ ತ ಒತ್ತನ್ನು ದೊಡ್ಡದಾಗಿ ಕೂರಿಸಿ 'ಕತ್ತಲ ರಾತ್ರಿ' ಮಾಡಿದ. ಅರ್ಧ ಪ್ರಿಂಟಾಗುವಷ್ಟರಲ್ಲಿ ಕರೆಂಟು ಹೋಯಿತು. ಅವನು ಗೋಡೆಗೆ ತಲೆ ಹಚ್ಚಿ ನಿಂತುಬಿಟ್ಟ. ಕರೆಂಟು ಬಂದಮೇಲೆ ಪ್ರಿಂಟರು ಹಾಳೆ ನುಂಗಿತು. ರಹಿಮಾನ್ ಚಾಚಾ ಸಹಾಯಕ್ಕೆಂದು ಅಂಟು ಹಚ್ಚಲು ಕೂತು, ಮೊದಲ ಕೆಲವು ಹೊದಿಕೆಗಳನ್ನು ತಲೆಕೆಳಗಾಗಿ ಅಂಟಿಸಿದ. ನಡುನಡುವೆ ಖಾತೂನ್‌ಬೀ ಮಸ್ಕಿಯಿಂದ ಫೋನು ಮಾಡಿ, "ಶಾಲು ಯಾವ ಬಣ್ಣದ್ದು ಅಂತ ಕೇಳಿದ್ಯೇನು? ಕೆಂಪು ಆದ್ರ ಬ್ಯಾಡ ಅನ್ನು," ಎನ್ನುತ್ತಿದ್ದಳು. ಮುಕ್ತಿಯಾರನಿಗೆ ತನ್ನ ಮೈಮೇಲೆ ಬೀಳಲಿರುವುದು ಹೆಣದ ಬಿಳಿ ಬಟ್ಟೆಯೇ ಇರಬಹುದು ಅನ್ನಿಸುತ್ತಿತ್ತು.

ಎಲ್ಲ ಪ್ರತಿಗಳಿಗೂ ಅಂಟಿಸಲು ಹೊತ್ತು ಸಾಲಲಿಲ್ಲ. ಉಳಿದವನ್ನು ಮಡಿಲಲ್ಲಿಟ್ಟುಕೊಂಡು ಮಸ್ಕಿ ಬಸ್ಸಿನಲ್ಲೇ ಅಂಟಿಸತೊಡಗಿದ. ಪಕ್ಕದ ಸೀಟಿನಲ್ಲಿ ಬಳಗಾನೂರಿನ ಮುದುಕಿಯೊಬ್ಬಳು ಕೂತಿದ್ದಳು. ಅವನು ಹೆಣದ ಮೇಲೆ ನಗುವ ಹುಡುಗಿಯನ್ನು ಅಂಟಿಸುವುದನ್ನು ಅವಳು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು. "ಯಪ್ಪಾ, ಈಕೀನ ಯಾರು ಕೊಂದ್ರು?"

"ನಾನ ಬೇ."

ಮುದುಕಿ ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮಸ್ಕಿಯ ಸಭಾಭವನ ತುಂಬಿತ್ತು. ಮುಕ್ತಿಯಾರ್ ಬೆವೆತು ಒದ್ದೆಯಾಗಿ ಒಳಗೆ ಬಂದ. ಸಾಹೇಬರು ಶೇರ್ವಾನಿ ತೊಟ್ಟು ವೇದಿಕೆಯ ಮೇಲಿದ್ದರು. ಅವರ ಪಕ್ಕದಲ್ಲಿ ಸರ್ದಾರಬಿ. ಮುಂದಿನ ಸಾಲಿನ ನಟ್ಟನಡುವೆ ಖಾತೂನ್‌ಬೀ. ಅವನಿಗೆ ಬಂದೊಡನೆ ಶಾಲು ಹೊದಿಸಿ ವೇದಿಕೆಯಲ್ಲೇ ಕೂರಿಸಿದರು. ಶಾಲು ಕೆಂಪಾಗಿತ್ತು. ಅವನು ಕಣ್ಣು ಮುಚ್ಚಿ ದುವಾ ಓದತೊಡಗಿದ.

ಸರ್ದಾರಬಿ ರಿಬ್ಬನ್ ಬಿಚ್ಚಿ ಪುಸ್ತಕ ಎತ್ತಿ ಹಿಡಿದಳು. ಜನ ಚಪ್ಪಾಳೆ ತಟ್ಟಿದರು. ಹೊದಿಕೆ ಕಿತ್ತು ಬರಲಿಲ್ಲ, ಚಂದ್ರ ಚಂದ್ರನಾಗೇ ಇದ್ದ. ಬದುಕಿದೆ ಎಂದುಕೊಂಡು ಮುಕ್ತಿಯಾರ್ ಕಣ್ಣು ತೆರೆದ.

ಅಮೀನ್‌ಸಾಬರ ಮುಖ ಸುಣ್ಣದ ಗೋಡೆಯಾಗಿತ್ತು. ಅವರು ಕುರ್ಚಿಯನ್ನು ಮೆಲ್ಲಗೆ ಅವನತ್ತ ಎಳೆದುಕೊಂಡು, ಗಡ್ಡದೊಳಗೇ ಪಿಸುಗುಟ್ಟಿದರು. "ಲೇ, ಆ ರಕ್ತದ್ದು ಎಲ್ಲಿ ಹೋತಲೇ?"

"ತೆಗೆದೀನ್ರಿ ಸಾಹೇಬ್ರ. ತಪ್ಪಾಗಿತ್ತು. ಈಗ ಚಾಚಿ ಮುಖ ಚಂದಾಗಿ..."

"ಯಾವ ಚಾಚಿನಲೇ? ನೋಡು ಅಲ್ಲೆ, ಚಾಚಿ ಮುಖ ಹಂಗೈತೇನು?"

ಮುಕ್ತಿಯಾರ್ ನೋಡಿದ. ಸರ್ದಾರಬಿಯ ಮುಖ ಗುಂಡಗೆ ಪೂರಿಯಂತಿತ್ತು. ಪುಸ್ತಕದ ಹುಡುಗಿಯದು ಉದ್ದ ಮುಖ. ಎಷ್ಟು ವರ್ಷ ಕಳೆದರೂ ಮೂಗು ಅಷ್ಟು ಬದಲಾಗುವುದಿಲ್ಲ.

"ನನ್ನ ಮದಿವಿಗಿಂತ ಮೊದಲಿನ ಮಾತು ಅದು," ಎಂದರು ಸಾಹೇಬರು, ಅಳುವ ದನಿಯಲ್ಲಿ. "ಲಿಂಗಸುಗೂರಾಗ ಕಾನ್‌ಸ್ಟೇಬಲ್ ಇದ್ದೆ. ನೀ ಕಳಿಸಿದ್ದರಾಗ ಮುಖ ಪೂರಾ ಮುಚ್ಚಿತ್ತು, ಹೆಸರೂ ಓದಲಿಲ್ಲ ನಾ. ಚಾಕು ಗೀಕು ಇದ್ರ ಇರ್ಲಿ, ಪ್ರೀತಿನೂ ಚಾಕು ಇದ್ದಂಗ ಅಂತ ಒಪ್ಪಿದ್ದೆ. ಯಾರ್ ಹೇಳಿದ್ರು ನಿನಗ ತೆಗಿ ಅಂತ?"

ಕೆಮ್ಮಿದರೆ ಜೇಬುಗಳ್ಳರು ನಡುಗುತ್ತಿದ್ದ ಮನುಷ್ಯ ಈಗ ಸ್ವತಃ ನಡುಗುತ್ತಿದ್ದ. ಅದನ್ನು ಕಂಡು ಮುಕ್ತಿಯಾರನಿಗೆ ಇನ್ನಷ್ಟು ಭಯವಾಯಿತು. ಇವರನ್ನೇ ನಡುಗಿಸುವ ಸರ್ದಾರಬಿ ತನ್ನನ್ನು ಬಿಟ್ಟಾಳೆಯೇ?

ಚಪ್ಪಾಳೆ ನಿಂತಿತ್ತು. ಸರ್ದಾರಬಿ ಇನ್ನೂ ಮುಖಪುಟವನ್ನೇ ನೋಡುತ್ತಿದ್ದಳು. ಮೈಕು ಅವಳ ಮುಂದೆಯೇ ಇತ್ತು.

"ಈಕಿ ಯಾರ್ರಿ?" ಎಂದು ಗಂಡನನ್ನು ಕೇಳಿದಳು. ಇಡೀ ಭವನಕ್ಕೆ ಕೇಳಿಸಿತು.

"ನನಗೇನು ಗೊತ್ತು?" ಎಂದರು ಸಾಹೇಬರು. "ಚಿತ್ರ ಮಾಡಿದಾಂವ ಇವ. ಇವನ್ನ ಕೇಳು." ಎನ್ನುತ್ತಲೇ ಕುರ್ಚಿಯ ಹಿಂದಿನಿಂದ ಮುಕ್ತಿಯಾರನ ಬೆನ್ನಿಗೆ ಬೆರಳಿನಿಂದ ತಿವಿದರು. ಆ ಬೆರಳಿನಲ್ಲಿ ಅಂಗಡಿ, ಬಾಡಿಗೆ, ಬದುಕು, ಎಲ್ಲದರ ಎಚ್ಚರಿಕೆಯೂ ಇತ್ತು.

ಮುಕ್ತಿಯಾರ್ ಎದ್ದು ನಿಂತ. ಲೋಕದಲ್ಲಿ ಯಾರೂ ಸಂಶಯಪಡದ ಹೆಂಗಸು ಯಾರು? ತಲೆಯಲ್ಲಿ ಒಂದೇ ಉತ್ತರ ಮಿಂಚಿತು.

"ನಮ್ಮ ಅಮ್ಮೀ ರೀ, ಚಾಚಿ. ಹರೇದಾಗಿನ ಫೋಟೋ. ಬ್ಯಾರೆ ಯಾವ ಚಿತ್ರಾನೂ ಸಿಗಲಿಲ್ಲ, ಅದಕ್ಕ ಹಾಕಿಬಿಟ್ಟೆ. ತಪ್ಪಾತ್ರಿ."

ಸರ್ದಾರಬಿಯ ಮುಖ ಸಡಿಲಾಯಿತು. "ನಿಮ್ಮ ಅಮ್ಮೀನ? ಎಷ್ಟ್ ಚಂದ ಇದ್ರಪಾ ಆಗ," ಎಂದಳು. ಸಾಹೇಬರು ಬಿಟ್ಟ ನಿಟ್ಟುಸಿರಿಗೆ ಮೇಜಿನ ಮೇಲಿನ ಹೂವು ಅಲುಗಿತು. ಮುಕ್ತಿಯಾರ್ ಕುರ್ಚಿಗಾಗಿ ಹಿಂದೆ ಕೈಚಾಚಿದ.

ಅಷ್ಟರಲ್ಲಿ ನಿರೂಪಕರು ಬಂದು, ಪದ್ಧತಿಯಂತೆ, ಬಿಡುಗಡೆ ಮಾಡಿದವರು ಒಂದು ಕವಿತೆ ಓದಬೇಕೆಂದರು. ಸರ್ದಾರಬಿ ಕನ್ನಡಕ ಏರಿಸಿ, ಸಿಕ್ಕ ಪುಟ ತೆರೆದು, ಅಕ್ಷರ ಅಕ್ಷರ ಜೋಡಿಸಿ ಓದತೊಡಗಿದಳು.

"ಎರಡು ಜಡೆಯ... ಚೆಲುವೆ... ನಿನ್ನ ಗದ್ದದ ಮಚ್ಚೆ... ನನ್ನ ಕತ್ತಲ ರಾತ್ರಿಯ... ಏಕೈಕ ಚುಕ್ಕಿ."

ಓದಿ ನಿಂತಳು. ಪುಸ್ತಕ ಮುಚ್ಚಿ ಮುಖಪುಟ ನೋಡಿದಳು. ಎರಡು ಜಡೆ ಇದ್ದವು. ಗದ್ದದ ಮೇಲೆ, ಸುಲ್ತಾನಾಳ ಆ್ಯಪಿನ ಕೃಪೆಯಿಂದ, ಸಾಸಿವೆ ಕಾಳಿನಷ್ಟು ಸ್ಪಷ್ಟವಾಗಿ ಮಚ್ಚೆ ಇತ್ತು. ಅವಳು ಗಂಡನ ಕಡೆ ತಿರುಗಲಿಲ್ಲ. ಮುಕ್ತಿಯಾರನ ಕಡೆ ತಿರುಗಿ, ಮೈಕಿನಲ್ಲೇ, ಬಹಳ ಮೆತ್ತಗೆ ಕೇಳಿದಳು.

"ನಿಮ್ಮ ಅಮ್ಮೀ ಗದ್ದದ ಮ್ಯಾಲಿನ ಮಚ್ಚಿ ನಮ್ಮನೆಯವರಿಗೆ ಹೆಂಗ ಗೊತ್ತಾತಪಾ?"

ತಲೆಗಳೆಲ್ಲ ಮೆಲ್ಲಗೆ ಮುಂದಿನ ಸಾಲಿನ ನಡುವಿನ ಕುರ್ಚಿಯ ಕಡೆ ತಿರುಗಿದವು. ಖಾತೂನ್‌ಬೀಯ ಗದ್ದದಲ್ಲಿ ಮಚ್ಚೆಯೇನೂ ಇರಲಿಲ್ಲ. ಆದರೆ ಅದನ್ನು ಯಾರಾದರೂ ನೋಡುವ ಮೊದಲೇ ಅವಳು ಸೆರಗಿನಿಂದ ಗದ್ದ ಮುಚ್ಚಿಕೊಂಡುಬಿಟ್ಟಳು, ಮಾನವಂತ ಹೆಂಗಸು, ಇಷ್ಟು ಜನ ಒಮ್ಮೆಲೇ ನೋಡಿದರೆ ಮತ್ತೇನು ಮಾಡಿಯಾಳು? ಊರಿಗೆ ಅಷ್ಟೇ ಸಾಕಾಯಿತು. "ಹೌದಲೇ, ಮುಚ್ಚಿಕೊಂಡ್ಳು!" ಎಂದಿತು ಹಿಂದಿನ ಸಾಲು.

ಖಾತೂನ್‌ಬೀ ಎದ್ದಳು. ವೇದಿಕೆಯ ಮೆಟ್ಟಿಲ ಬಳಿ ಬಂದು, ಒಂದು ಕೈಯಿಂದ ಸೆರಗು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಕಾಲಿನ ಚಪ್ಪಲಿ ಬಿಚ್ಚಿದಳು.

"ಮುಕ್ತಿಯಾರ್," ಎಂದಳು, "ಕೆಳಗ ಇಳಿದು ಬಾ ಮಗನ."

ವೇದಿಕೆಯಿಂದ ಇಳಿಯಲು ಬೇರೆ ದಾರಿ ಇರಲಿಲ್ಲ. ಮುಕ್ತಿಯಾರ್ ಪಕ್ಕಕ್ಕೆ ನೋಡಿದ. ಅಮೀನ್‌ಸಾಬರು ಅವನ ಕುರ್ಚಿಯ ಹಿಂದೆ ಅಡಗಿ ಕೂತಿದ್ದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಅವರ ಬಗೆಗಿನ ಹೆದರಿಕೆ ಪೂರ್ತಿ ಹೋಯಿತು.